ಮ್ಯಾಥ್ಸ್ ಬಿಡಬಾರದಿತ್ತು ಮಾವ!

ಮೇ ತಿಂಗಳ ಮದುವೆ ಊಟಕ್ಕೆ ಕೂತರೆ, ಎಲೆಗೆ ಕೋಸಂಬರಿ ಬಿದ್ದು ಪಾಯಸ ಬರುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಪಕ್ಕದಲ್ಲಿ ಮೀಸೆ ಚಿಗುರುತ್ತಿರುವ ಹುಡುಗನೋ, ಕನ್ನಡಕದ ಹುಡುಗಿಯೋ ಇದ್ದರೆ ಮುಗಿಯಿತು. ಎದುರು ಸಾಲಿನ ದೂರದ ನೆಂಟರೊಬ್ಬರು ಅನ್ನ ಕಲಸುವ ಕೈ ನಿಲ್ಲಿಸಿ, "ಎಸ್ಸೆಸ್ಸೆಲ್ಸಿ ಆಯ್ತಲ್ವಾ? ಯಾವ ಕಾಂಬಿನೇಷನ್ನು?" ಎನ್ನುತ್ತಾರೆ. ಮಗುವಿನ ಹೆಸರು ಕೇಳಿರುವುದಿಲ್ಲ, ಊರು ಕೇಳಿರುವುದಿಲ್ಲ. ಅದು ಬಾಯಲ್ಲಿದ್ದ ಹಪ್ಪಳ ನುಂಗುವಷ್ಟರಲ್ಲಿ ಅದರಮ್ಮ "ಪಿಸಿಎಂಬಿ" ಎಂದು ಘೋಷಿಸಿ ಆಗಿರುತ್ತದೆ. ನೆಂಟರು ಸಮಾಧಾನದಿಂದ ಸಾರಿನ ಕಡೆ ತಿರುಗುತ್ತಾರೆ. ಪಿಸಿಎಂಬಿ ಎಂದಮೇಲೆ ಎರಡನೇ ಪ್ರಶ್ನೆ ಇಲ್ಲ. ಪಿಸಿಎಂಸಿ ಅಂದರೆ "ಓ, ಸಾಫ್ಟ್‌ವೇರು." ಸಿಇಬಿಎ ಅಂದರೆ "ಸಿ.ಎ. ಮಾಡಿಸ್ತೀರೇನೋ" ಎಂಬ ಉದಾರ ಊಹೆ. ಆರ್ಟ್ಸ್‌ನ ಎಚ್‌ಇಪಿಎಸ್ ಅಂದರೆ ಮಾತ್ರ ಪಂಕ್ತಿಯೇ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಯಾರೋ ಕರುಣಾಳು, "ಇರಲಿ ಬಿಡಿ, ಐ.ಎ.ಎಸ್. ಮಾಡಬಹುದಲ್ಲ" ಎಂದು ಸಂತಾಪ ಸೂಚಿಸುತ್ತಾರೆ.

ಇದನ್ನು ನಾವು ವಿಷಯದ ಆಯ್ಕೆ ಎಂದು ಕರೆಯುತ್ತೇವೆ. ಆಯ್ಕೆ ಮಾಡಿದವರು ಯಾರು ಅಂತ ಸ್ವಲ್ಪ ಕೆದಕಿ ನೋಡಿ, ತಮಾಷೆ ಗೊತ್ತಾಗುತ್ತದೆ. ಒಬ್ಬಳು ಬಯಾಲಜಿ ತೆಗೆದುಕೊಂಡದ್ದು ಅವಳ ಗೆಳತಿ ತೆಗೆದುಕೊಂಡಳು ಅಂತ. ಆ ಗೆಳತಿ ಒಂದೇ ವಾರದಲ್ಲಿ ಬೇರೆ ಕಾಲೇಜಿಗೆ ಹಾರಿದಳು, ಬಯಾಲಜಿ ಇಲ್ಲೇ ಉಳಿಯಿತು. ಒಬ್ಬ ಎಲೆಕ್ಟ್ರಾನಿಕ್ಸ್ ಸೇರಿದ್ದು ಕಂಪ್ಯೂಟರ್ ಸೈನ್ಸ್ ಸೀಟು ತುಂಬಿಹೋಯಿತು ಅಂತ. ಇನ್ನೊಬ್ಬನ ಅಪ್ಪನಿಗೆ ಕಾಲೇಜಿನ ಪ್ರಿನ್ಸಿಪಾಲರು ಪರಿಚಯ, ಅವರು "ನಮ್ಮಲ್ಲಿ ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರ್ ಬಹಳ ಚೆನ್ನಾಗಿದ್ದಾರೆ" ಎಂದದ್ದಕ್ಕೆ ಮಗ ಪಿಸಿಎಂಎಸ್. ಮಗ ಕ್ಲಾಸಿಗೆ ಹೋಗುವ ಹೊತ್ತಿಗೆ ಲೆಕ್ಚರರ್‌ಗೆ ವರ್ಗವಾಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಆರುನೂರರ ಮೇಲೆ ತೆಗೆದವರಿಗಂತೂ ಆಯ್ಕೆಯ ಮಾತೇ ಇಲ್ಲ. "ಇಷ್ಟು ಮಾರ್ಕ್ಸ್ ಬಂದಮೇಲೆ ಆರ್ಟ್ಸ್ ತಗೊಳ್ತೀನಿ ಅಂತಾಳಲ್ರೀ, ವೇಸ್ಟು!" ಎನ್ನುವ ತಾಯಂದಿರನ್ನು ನಾನೇ ಕಂಡಿದ್ದೇನೆ. ಕಡಿಮೆ ಅಂಕ ಬಂದವರಿಗೂ ಆಯ್ಕೆಯಿಲ್ಲ, ಕಟ್‌ಆಫ್ ಪಟ್ಟಿಯೇ ಅವರ ಪರವಾಗಿ ಆರಿಸಿಬಿಡುತ್ತದೆ. ಹಾಗಾಗಿ ಆಯ್ಕೆ ಎಂಬ ಸೌಭಾಗ್ಯ ನಡುವಿನ ಅಂಕದವರಿಗೆ ಮಾತ್ರ. ಅವರನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಪಿಯು ಕಾಲೇಜಿನ ಅಡ್ಮಿಷನ್ ಕೌಂಟರನ್ನು ಒಮ್ಮೆ ನಿಂತು ನೋಡಬೇಕು. ನೋಟಿಸ್ ಬೋರ್ಡಿನಲ್ಲಿ ಕಟ್‌ಆಫ್, ಕೆಳಗೆ ಮೊಬೈಲಿನಲ್ಲಿ ಅದರ ಫೋಟೋ ತೆಗೆಯುವ ಅಪ್ಪಂದಿರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರಲ್ಲಿ ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ ಆದಾಯ ಪ್ರಮಾಣಪತ್ರ, ಆಧಾರ್ ಜೆರಾಕ್ಸ್, ಒಂದು ಡಜನ್ ಪಾಸ್‌ಪೋರ್ಟ್ ಸೈಜಿನ ಫೋಟೋ. ಎಲ್ಲಕ್ಕೂ ಮೂರು ಮೂರು ಪ್ರತಿ. ಕಾಂಬಿನೇಷನ್ ಬಗ್ಗೆ ಮಾತ್ರ ಒಂದು ಪ್ರತಿಯೂ ತಯಾರಿಲ್ಲ. ಕಿಟಕಿಯೊಳಗಿನ ಗುಮಾಸ್ತರು ತಲೆ ಎತ್ತದೆ, "ಯಾವ್ದು ಬರೀಲಿ?" ಎನ್ನುತ್ತಾರೆ. ಅಪ್ಪ ಮಗನ ಮುಖ ನೋಡುತ್ತಾನೆ, ಮಗ ಅಪ್ಪನ ಮುಖ ನೋಡುತ್ತಾನೆ. ಹಿಂದಿನ ಸಾಲಿನವರು "ಬೇಗ ಹೇಳ್ರೀ" ಎನ್ನುತ್ತಾರೆ. "ಪಿಸಿಎಂಬಿನೇ ಬರ‍್ಕೊಳಿ ಸಾರ್, ಎರಡೂ ಕಡೆ ಆಗುತ್ತೆ." ಮುಂದಿನ ನಲವತ್ತು ವರ್ಷದ ಬದುಕು ಗುಮಾಸ್ತರ ಬಾಲ್ ಪೆನ್ನಿನಿಂದ ಇಳಿದು ರಶೀದಿ ಆಗಿ ಹೊರಬರುತ್ತದೆ.

ಈ "ಎರಡೂ ಕಡೆ ಆಗುತ್ತೆ" ಎಂಬ ಮಾತಿದೆಯಲ್ಲ, ಅದೇ ಎಲ್ಲ ಪಶ್ಚಾತ್ತಾಪದ ತಾಯಿಬೇರು. ಅದು ಮೂರ್ಖರ ಮಾತಾಗಿರಲಿಲ್ಲ. 1994ರಲ್ಲಿ ನಮ್ಮಲ್ಲಿ ಸಿಇಟಿ ಶುರುವಾದಾಗ ಡಾಕ್ಟರೂ ಅದರಿಂದಲೇ, ಎಂಜಿನಿಯರೂ ಅದರಿಂದಲೇ. ಫಿಸಿಕ್ಸ್ ಕೆಮಿಸ್ಟ್ರಿ ಎರಡಕ್ಕೂ ಸಾಮಾನ್ಯ, ಒಂದು ಬೆಳಿಗ್ಗೆ ಬಯಾಲಜಿ ಬರೆದು ಮಧ್ಯಾಹ್ನ ಮ್ಯಾಥ್ಸ್ ಬರೆದರೆ ಒಂದೇ ಅರ್ಜಿಯಲ್ಲಿ ಎರಡು ರ‍್ಯಾಂಕು. ಬುದ್ಧಿವಂತರು ಪಿಸಿಎಂಬಿ ತೆಗೆದುಕೊಂಡರು, ಸರಿಯಾಗಿಯೇ ಇತ್ತು. 2017ರ ಹೊತ್ತಿಗೆ ವೈದ್ಯಕೀಯ ಸೀಟು ಪೂರ್ತಿ ನೀಟ್ ಪಾಲಾಯಿತು. ಆಟದ ನಿಯಮ ಬದಲಾದರೂ ಸಲಹೆ ಕೊಡುವವರು ಮಾತ್ರ ಹಳಬರೇ. ಈಗ ನೀಟ್‌ನ 720 ಅಂಕದಲ್ಲಿ ಬಯಾಲಜಿಗೆ 360, ಗಣಿತಕ್ಕೆ ಸೊನ್ನೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಗಣಿತಕ್ಕೆ 60, ಬಯಾಲಜಿಗೆ ಸೊನ್ನೆ. ಎರಡು ಪರೀಕ್ಷೆಯ ಪ್ರಶ್ನೆಯ ಧಾಟಿ ಬೇರೆ, ಮೈನಸ್ ಮಾರ್ಕಿನ ಲೆಕ್ಕ ಬೇರೆ, ಕೋಚಿಂಗ್ ಬೇರೆ, ಫೀಸಂತೂ ಬೇರೆ ಬೇರೆ. ಎರಡು ದೋಣಿಯಲ್ಲಿ ಕಾಲಿಡುವುದು ಮೊದಲು ಜಾಣತನವಾಗಿತ್ತು, ಏಕೆಂದರೆ ಎರಡನ್ನೂ ಒಟ್ಟಿಗೆ ಕಟ್ಟಿದ್ದರು. ಈಗ ಹಗ್ಗ ಬಿಚ್ಚಿದ್ದಾರೆ. ಕಾಲಿಡುವವರಿಗೆ ಹೇಳಿಲ್ಲ.

ನನ್ನ ತೀರ್ಪು ಕೇಳಿದರೆ, ಪಿಸಿಎಂಬಿ ಈಗ ಆಯ್ಕೆಯೇ ಅಲ್ಲ. ಆಯ್ಕೆಯನ್ನು ಎರಡು ವರ್ಷ ಮುಂದಕ್ಕೆ ಹಾಕುವುದಕ್ಕೆ ಸರ್ಕಾರ ಮಾನ್ಯ ಮಾಡಿರುವ ವಿಧಾನ. ಎರಡು ವರ್ಷ ಮುಂದಕ್ಕೆ ಹಾಕಿದ್ದಕ್ಕೆ ಬಡ್ಡಿಯೂ ಇದೆ, ಅದನ್ನು ಮಗು ಕಟ್ಟುತ್ತದೆ. ಬೋಟನಿ ರೆಕಾರ್ಡಿನಲ್ಲಿ ದ್ವಿದಳ ಕಾಂಡದ ಅಡ್ಡಕೊಯ್ತ ಬರೆಯಬೇಕು. ಚೂಪು ಮಾಡಿದ ಪೆನ್ಸಿಲ್, ಗೆರೆಗೆ ಸ್ಕೇಲು, ಹೆಸರೆಲ್ಲ ಬಲಗಡೆಗೇ ಒಂದರ ಕೆಳಗೆ ಒಂದು. ಗೆರೆ ಒಂದಕ್ಕೊಂದು ಅಡ್ಡ ಹಾಯ್ದರೆ ಮೇಡಂ "ರಿಡ್ರಾ" ಎಂದು ಕೆಂಪು ಇಂಕಿನಲ್ಲಿ ಬರೆದು ವಾಪಸ್ಸು ಕೊಡುತ್ತಾರೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಬ್ಯೂರೆಟ್ಟಿನಿಂದ ಹನಿ ಹನಿ ಬಿಡುತ್ತಾ ಫಿನಾಫ್ತಲೀನ್ ತಿಳಿ ಗುಲಾಬಿ ಆಗುವುದನ್ನು ಕಾಯಬೇಕು, ಒಂದು ಹನಿ ಜಾಸ್ತಿಯಾದರೆ ರಾಣಿ ಗುಲಾಬಿಯಾಗಿ ಮತ್ತೆ ಮೊದಲಿಂದ. ಫಿಸಿಕ್ಸಿನಲ್ಲಿ ಸ್ಕ್ರೂಗೇಜು ಹಿಡಿದು ತಂತಿಯ ದಪ್ಪ ಅಳೆಯಬೇಕು. ಸಂಜೆ ಕೋಚಿಂಗು, ರಾತ್ರಿ ಇಂಟಿಗ್ರೇಷನ್ನು. ಇಷ್ಟೆಲ್ಲ ಮಾಡುವಾಗ ಇದರಲ್ಲಿ ಒಂದನ್ನು ಎಸೆಯಲೇಬೇಕು ಅನ್ನುವುದು ಮಗುವಿಗೆ ಗೊತ್ತಿರುತ್ತದೆ, ಯಾವುದನ್ನು ಎನ್ನುವುದು ಗೊತ್ತಿರುವುದಿಲ್ಲ.

ಗೊತ್ತಾಗುವುದು ಜೂನ್, ಜುಲೈನಲ್ಲಿ. ಆಗ ನಮ್ಮ ರಾಜ್ಯದ ಮನೆಮನೆಯಲ್ಲೂ ಆಪ್ಷನ್ ಎಂಟ್ರಿ ಎಂಬ ಜಾಗರಣೆ ನಡೆಯುತ್ತದೆ.

ನನ್ನ ಅಕ್ಕನ ಮಗನ ಆಪ್ಷನ್ ಎಂಟ್ರಿಗೆ ನನ್ನನ್ನೂ ಕರೆದಿದ್ದರು. ನಾನು ಓದಿದ್ದು ಬಿ.ಎ., ನನ್ನನ್ನು ಕರೆದದ್ದು ಯಾಕೆಂದರೆ ನನ್ನ ಹತ್ತಿರ ಲ್ಯಾಪ್‌ಟಾಪ್ ಇತ್ತು. ಭಾವ ಬ್ಯಾಂಕಿನಲ್ಲಿದ್ದವರು, ಉದ್ದನೆಯ ಲೆಡ್ಜರ್ ಹಾಳೆಯಲ್ಲಿ ಕಾಲೇಜಿನ ಕೋಡು, ಬ್ರಾಂಚು, ಹೋದ ವರ್ಷದ ಕಟ್‌ಆಫ್ ರ‍್ಯಾಂಕು ಎಲ್ಲ ಬಣ್ಣಬಣ್ಣದ ಪೆನ್ನಿನಲ್ಲಿ ಬರೆದಿಟ್ಟಿದ್ದರು. ಅಕ್ಕ ಕಾಫಿ ತಂದಾಗಲೆಲ್ಲ "ಹಾಸ್ಟೆಲ್ ಊಟ ಹೇಗಂತೆ ಆ ಕಾಲೇಜಲ್ಲಿ" ಎಂದು ಒಂದು ಆಪ್ಷನ್ ಕೆಳಗೆ ಇಳಿಸುತ್ತಿದ್ದಳು. ನೀಟ್ ಕೈಕೊಟ್ಟಿತ್ತು, ಸಿಇಟಿ ರ‍್ಯಾಂಕು ಪರವಾಗಿಲ್ಲ ಎನ್ನುವಂತಿತ್ತು. ಹುಡುಗ ಮೂಲೆಯಲ್ಲಿ ಕೂತು, "ಮಾವ, ಬಯಾಲಜಿ ಬದಲು ಸಿ.ಎಸ್. ತಗೋಬೇಕಿತ್ತು. ನಂಗಿನ್ನು ಕಂಪ್ಯೂಟರ್ ಸೈನ್ಸ್ ಸಿಗಲ್ಲ" ಎಂದು ನಿಟ್ಟುಸಿರುಬಿಟ್ಟ. ಭಾವ ಪೆನ್ನು ಕೆಳಗಿಟ್ಟರು. "ನಾನು ಆಗ್ಲೇ ಹೇಳ್ದೆ" ಎಂದರು. ಆಗಲೇ ಅವರು ಹೇಳಿದ್ದು ಬಯಾಲಜಿ ತಗೋ ಅಂತ. ಅದು ಯಾರಿಗೂ ನೆನಪಿರಲಿಲ್ಲ, ನನಗಿತ್ತು. ಭಾವನ ಎದುರು ಹೇಳುವ ಧೈರ್ಯ ಇರಲಿಲ್ಲ.

ಆ ರಾತ್ರಿ ಸಿಇಟಿಯ ಮಾಹಿತಿ ಪುಸ್ತಿಕೆಯ ಅರ್ಹತೆಯ ಪುಟ ತೆಗೆದು ಓದಿದೆ. ಎಂಜಿನಿಯರಿಂಗ್‌ಗೆ ಫಿಸಿಕ್ಸ್, ಮ್ಯಾಥ್ಸ್ ಕಡ್ಡಾಯ. ಮೂರನೆಯದಾಗಿ ಕೆಮಿಸ್ಟ್ರಿ ಇರಲಿ, ಬಯಾಲಜಿ ಇರಲಿ, ಕಂಪ್ಯೂಟರ್ ಸೈನ್ಸ್ ಇರಲಿ, ಎಲೆಕ್ಟ್ರಾನಿಕ್ಸ್ ಇರಲಿ, ನಡೆಯುತ್ತದೆ. ಕಂಪ್ಯೂಟರ್ ಸೈನ್ಸ್ ಬ್ರಾಂಚಿಗೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಬೇಕು ಅಂತ ಎಲ್ಲಿಯೂ ಇಲ್ಲ! ಎರಡು ವರ್ಷದಿಂದ ಹುಡುಗ ಬೈದುಕೊಳ್ಳುತ್ತಿದ್ದ ಆ ನಾಲ್ಕನೇ ಅಕ್ಷರ ಅವನ ದಾರಿಗೆ ಅಡ್ಡ ಬಂದೇ ಇರಲಿಲ್ಲ. ಪುಸ್ತಿಕೆ ಅದೇ ಮೇಜಿನ ಮೇಲಿತ್ತು. ಭಾವ ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದಿದ್ದರು.

ಹಾಗಂತ ಎಲ್ಲ ಪಶ್ಚಾತ್ತಾಪವೂ ಸುಳ್ಳಲ್ಲ. ತಂಗಿಯ ಮಗಳದು ನಿಜವಾದದ್ದು. ಅವಳು ಕಾಮರ್ಸ್, ಎಚ್‌ಇಬಿಎ. ಅವಳ ಕಾಲೇಜಿನಲ್ಲಿ ಮ್ಯಾಥ್ಸ್ ಇರುವ ಎಂಇಬಿಎ ಸೆಕ್ಷನ್ನೂ ಇತ್ತು. ಲೆಕ್ಕದಲ್ಲಿ ಹುಷಾರಿದ್ದಳು ಕೂಡ. ಆದರೆ ಆ ಸೆಕ್ಷನ್ನು ಬಿಡುವುದು ನಾಲ್ಕೂವರೆಗೆ, ಅವಳ ಊರಿನ ಬಸ್ಸು ಹೊರಡುವುದು ನಾಲ್ಕೂಕಾಲಿಗೆ. ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಹೀಗಾಗಿ ಮ್ಯಾಥ್ಸ್ ಬದಲು ಹಿಸ್ಟರಿ. ಎರಡು ವರ್ಷ ಎಕನಾಮಿಕ್ಸ್ ಓದುತ್ತ ಓದುತ್ತ ಅದರ ಹುಚ್ಚು ಹಿಡಿಯಿತು. ರೆಪೋ ದರ ಏರಿದರೆ ಊಟದ ಹೊತ್ತಿನಲ್ಲಿ ನಮಗೆಲ್ಲ ಪಾಠ. ದೆಹಲಿ ವಿಶ್ವವಿದ್ಯಾಲಯಕ್ಕೆ ಹೋಗಿ ಎಕನಾಮಿಕ್ಸ್ ಆನರ್ಸ್ ಮಾಡುತ್ತೇನೆ ಎಂದು ಹೊರಟಳು. 2022ರಿಂದ ಅಲ್ಲಿಗೆ ಸಿಯುಇಟಿ ಬರೆಯಬೇಕು ಎನ್ನುವುದನ್ನೂ ತಾನೇ ಪತ್ತೆ ಮಾಡಿದ್ದಳು. ಅರ್ಜಿ ತುಂಬುವ ದಿನ ಫೋನು ಬಂತು. "ಮ್ಯಾಥ್ಸ್ ಬಿಡಬಾರದಿತ್ತು ಮಾವ! ಎಕನಾಮಿಕ್ಸ್‌ಗೆ ಎಕನಾಮಿಕ್ಸ್ ಕೇಳ್ತಿಲ್ಲ, ಮ್ಯಾಥ್ಸ್ ಕೇಳ್ತಿದಾರೆ!"

ನಿಜ. ಅಲ್ಲಿ ಎಕನಾಮಿಕ್ಸ್ ಆನರ್ಸ್‌ಗೆ ಗಣಿತ ಬೇಕೇ ಬೇಕು. ಒಳ್ಳೆಯ ಹುಡುಗಿಯ ದೆಹಲಿ ಪ್ರಯಾಣವನ್ನು ಒಂದು ಕೆಂಪು ಬಸ್ಸು ತಡೆದಿತ್ತು.

ಇಂಥ ಪ್ರಸಂಗ ಕೇಳಿ ಕೇಳಿ ನನಗೆ ಅನ್ನಿಸಿರುವುದು, ಈ ಬಾಗಿಲು ಮುಚ್ಚುವ ಕೆಲಸದಲ್ಲಿ ಗಣಿತದಷ್ಟು ಕಟ್ಟುನಿಟ್ಟಿನವರು ಬೇರೆ ಯಾರೂ ಇಲ್ಲ. ಎನ್‌ಡಿಎ ಸೇರಿ ಭೂಸೇನೆಗೆ ಹೋಗಲು ಯಾವ ಪಿಯುಸಿ ಆದರೂ ಸರಿ. ವಾಯುಸೇನೆ, ನೌಕಾಸೇನೆ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ ಜೊತೆಗೆ ಮ್ಯಾಥ್ಸ್. ಆರ್ಕಿಟೆಕ್ಟ್ ಆಗಬೇಕಾದರೆ ಚಿತ್ರ ಎಷ್ಟು ಚೆನ್ನಾಗಿ ಬರೆದರೂ ಮ್ಯಾಥ್ಸ್. ಕಾಮರ್ಸ್ ಓದಿ ಪೈಲಟ್ ಆಗುವ ಆಸೆ ಹತ್ತಿದವರು ಎನ್‌ಐಓಎಸ್ ಎಂಬ ಮುಕ್ತ ಶಾಲೆಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡನ್ನೇ ಬೇರೆಯಾಗಿ ಕಟ್ಟಿ ಪಾಸು ಮಾಡಿಕೊಂಡದ್ದಿದೆ. ಬಯಾಲಜಿಯ ಬಾಗಿಲು ಇತ್ತೀಚೆಗೆ ಸ್ವಲ್ಪ ಸಡಿಲವಾಗಿದೆ. ಪಿಯುಸಿಯಲ್ಲಿ ಬಯಾಲಜಿ ಓದದವರು ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿತು. ಈ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಎಷ್ಟು ಮನೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಕ್ಕಳು ಅದನ್ನು ಅಪ್ಪನ ಕಣ್ಣಿಗೆ ಬೀಳದ ಹಾಗೆ ಮಡಚಿಟ್ಟರೋ!

ಗಣಿತವನ್ನು ಸಡಿಲ ಮಾಡುವ ಪ್ರಯತ್ನವೂ ಒಮ್ಮೆ ಆಯಿತು. 2021ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ತನ್ನ ಕೈಪಿಡಿಯಲ್ಲಿ 14 ವಿಷಯಗಳ ಪಟ್ಟಿ ಕೊಟ್ಟು, ಇದರಲ್ಲಿ ಯಾವ ಮೂರಿದ್ದರೂ ಎಂಜಿನಿಯರಿಂಗ್‌ಗೆ ಅರ್ಹತೆ ಎಂದಿತು. ಪಟ್ಟಿಯಲ್ಲಿ ಕೃಷಿಯೂ ಇತ್ತು, ಬಿಸಿನೆಸ್ ಸ್ಟಡೀಸೂ ಇತ್ತು. ದೇಶದ ಎಂಜಿನಿಯರುಗಳೆಲ್ಲ ಎದ್ದು ನಿಂತರು. ಕ್ಯಾಲ್ಕುಲಸ್ ಬೇಡವೇ, ಸೇತುವೆ ಬೀಳುವುದಿಲ್ಲವೇ ಎಂದು ಲೇಖನಗಳ ಮೇಲೆ ಲೇಖನ. ಕೊನೆಗೆ ಮಂಡಳಿ, ಗಣಿತ ಮುಖ್ಯವೇ, ಕಡ್ಡಾಯ ಮಾಡುವುದು ಬಿಡುವುದು ರಾಜ್ಯ ಮತ್ತು ವಿಶ್ವವಿದ್ಯಾಲಯಗಳಿಗೆ ಸೇರಿದ್ದು ಎಂದು ಸಮಜಾಯಿಷಿ ಕೊಟ್ಟಿತು. ನಮ್ಮ ಸಿಇಟಿಯವರು ಗಣಿತವನ್ನು ಅಲ್ಲಾಡಿಸಲಿಲ್ಲ. ನಮ್ಮಲ್ಲಿ ಸೇತುವೆ ಬೀಳುವುದಿದ್ದರೆ ಅದು ಕ್ಯಾಲ್ಕುಲಸ್ ಓದಿದವರಿಂದಲೇ ಬೀಳಬೇಕು.

ಆಪ್ಷನ್ ಎಂಟ್ರಿಯ ಆ ಜಾಗರಣೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಸೀಟು ಹಂಚಿಕೆಯಾದ ಮೇಲೆ, ಸಿಇಟಿ ನಡೆಸುವ ಕೆಇಎ ಕೊಡುವ ನಾಲ್ಕು ಛಾಯ್ಸು. ಛಾಯ್ಸ್ ಒಂದು ಅಂದರೆ ಸೀಟು ಒಪ್ಪಿಗೆ, ಫೀಸು ಕಟ್ಟಿ ಸೇರುತ್ತೇನೆ. ಎರಡು ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಕ್ಕರೆ ಅದು ಕೊಡಿ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ನಿಮ್ಮ ಸಹವಾಸವೇ ಬೇಡ, ಹೊರಟೆ. ಎಂಥ ಘನವಾದ ವ್ಯವಸ್ಥೆ ನೋಡಿ! ಹದಿನೆಂಟರ ಹುಡುಗನಿಗೆ ಮನಸ್ಸು ಬದಲಾಗಬಹುದು ಎನ್ನುವುದನ್ನು ಸರ್ಕಾರ ಅರ್ಥ ಮಾಡಿಕೊಂಡು ಸಾಫ್ಟ್‌ವೇರಿನಲ್ಲೇ ಬರೆಸಿದೆ. ಹದಿನಾರರ ಹುಡುಗನಿಗೆ ಮಾತ್ರ ಮನೆಯಲ್ಲಿ ಛಾಯ್ಸ್ ಒಂದೇ. ಮದುವೆಗೂ ಈ ನಾಲ್ಕು ಛಾಯ್ಸು ಇರಬೇಕಿತ್ತು ಎಂದು ಭಾವ ಮೆಲ್ಲಗೆ ಅಂದರು. ಅಕ್ಕನಿಗೆ ಕೇಳಿಸಿತು. ಆ ರಾತ್ರಿ ಮುಂದೆ ಕಾಫಿ ಬರಲಿಲ್ಲ.

ಭಾಷೆಯ ಆಯ್ಕೆಯ ವಿಚಾರ ಇನ್ನೂ ಸ್ವಾರಸ್ಯ. ಪಿಯುಸಿಯಲ್ಲಿ ನಾಲ್ಕು ವಿಷಯದ ಜೊತೆಗೆ ಎರಡು ಭಾಷೆ, ಒಟ್ಟು 600. ಸೈನ್ಸ್ ಮಕ್ಕಳಲ್ಲಿ ಕನ್ನಡ ಬಿಟ್ಟು ಸಂಸ್ಕೃತ ಹಿಡಿಯುವವರು ಬೇಕಾದಷ್ಟು. ಕಾಳಿದಾಸನ ಮೇಲೆ ಪ್ರೀತಿ ಬಂದು ಅಂತ ತಿಳಿಯಬೇಡಿ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು, ನೂರಕ್ಕೆ ನೂರು ಬರುತ್ತದೆ, ಅದಕ್ಕೆ. ಕನ್ನಡದಲ್ಲಿ ಎಷ್ಟು ಬರೆದರೂ ಮೇಷ್ಟ್ರು ತೊಂಬತ್ತೈದರ ಹತ್ತಿರ ಕೈ ಬಿಗಿ ಹಿಡಿಯುತ್ತಾರೆ ಎಂಬ ದೂರು. ಸರಿ, ನೂರು ಬಂತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಅರ್ಧ, ಸಿಇಟಿಯ ಅರ್ಧ ತೂಕ ಹಾಕುತ್ತಾರಲ್ಲ, ಆ ಪಿಯುಸಿಯ ಅರ್ಧದಲ್ಲಿ ನೋಡುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರನ್ನೇ. ಸಂಸ್ಕೃತದ ನೂರು ಲೆಕ್ಕಕ್ಕೇ ಇಲ್ಲ! ಅದು ಓಣಿಯ ಬ್ಯಾನರಿನಲ್ಲಿ ಫೋಟೋದ ಪಕ್ಕ ಬರೆಯುವುದಕ್ಕೆ ಮಾತ್ರ. ಆ ಅಂಕಕ್ಕಾಗಿ ಪಂಪ, ಕುಮಾರವ್ಯಾಸ, ಒಳ್ಳೆಯ ಕಥೆ, ಮೇಷ್ಟ್ರ ರಸವತ್ತಾದ ಪಾಠ ಎಲ್ಲ ಬಿಟ್ಟವರು ಮುಂದೆ ಏನು ಮಾಡುತ್ತಾರೆ ಗೊತ್ತೆ? ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಕೆಲಸ ಮಾಡಿ ಬೇಸರ ಬಂದು, ಐ.ಎ.ಎಸ್. ಪರೀಕ್ಷೆಗೆ ಕೂತು, ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನ ವಿಜಯನಗರದ ಯಾವುದಾದರೂ ಕೋಚಿಂಗ್ ಸೆಂಟರಿಗೆ ಹೋಗಿ ನೋಡಿ. ಹದಿನಾರಕ್ಕೆ ಬೇಡವಾಗಿದ್ದ ಪಂಪನನ್ನು ಇಪ್ಪತ್ತಾರಕ್ಕೆ ಫೀಸು ಕಟ್ಟಿ ಓದುತ್ತಾ ಕೂತಿರುತ್ತಾರೆ. ಪಕ್ಕದ ಬೆಂಚಿನಲ್ಲಿ ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ ಓದುವ ಎಂಜಿನಿಯರುಗಳು. ಅಲ್ಲಿಗೆ ಎಚ್‌ಇಪಿಎಸ್ ತಾನಾಗಿಯೇ ಸಿದ್ಧವಾಯಿತು. ಮದುವೆಮನೆಯಲ್ಲಿ ಸಂತಾಪ ಪಡೆದಿದ್ದ ಹುಡುಗಿ ಮಾತ್ರ ಇದನ್ನೆಲ್ಲ ಒಂದು ಸುತ್ತು ಮುಗಿಸಿ ಆರಾಮಾಗಿ ಕೂತಿರುತ್ತಾಳೆ.

ಆರ್ಟ್ಸ್‌ನವರಿಗೆ ಪಶ್ಚಾತ್ತಾಪವಿಲ್ಲ ಎಂದಲ್ಲ. ಆದರೆ ಅವರ ಪಶ್ಚಾತ್ತಾಪವನ್ನು ಕೇಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಸೈನ್ಸ್ ಓದಿದವರು ಕಾಮರ್ಸ್‌ಗೆ ಬರಬಹುದು, ಆರ್ಟ್ಸ್‌ಗೆ ಬರಬಹುದು, ಲಾ ಓದಬಹುದು, ಸಿ.ಎ. ಕಟ್ಟಬಹುದು. ಆ ಕಡೆಯಿಂದ ಈ ಕಡೆಗೆ ಬರುವ ರಸ್ತೆ ಇಲ್ಲ. ಹೀಗಾಗಿ ಎಲ್ಲರೂ ಮೊದಲು ಸೈನ್ಸ್ ಸೇರಿಕೊಂಡು ಅಲ್ಲಿಂದ ಇಳಿಯುವುದಕ್ಕೆ ಜಾಗ ಹುಡುಕುತ್ತಾರೆ. ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಈ ಗೋಡೆಯೇ ಇರುವುದಿಲ್ಲ, ಫಿಸಿಕ್ಸ್ ಜೊತೆ ಸಂಗೀತ ಓದಬಹುದು ಎಂದರು. ದೇಶದಲ್ಲಿ ಮೊದಲಿಗೆ ನಾವೇ ಎಂದು 2021ರಲ್ಲಿ ಡಿಗ್ರಿಗೆ ತಂದೆವು. 2024ರಲ್ಲಿ ಮತ್ತೆ ಹಳೆಯ ಮೂರು ವರ್ಷದ ಡಿಗ್ರಿಗೆ ಬಂದೆವು. ಸರ್ಕಾರಕ್ಕೂ ಛಾಯ್ಸ್ ಮೂರು ಒತ್ತುವ ಅಧಿಕಾರ ಉಂಟು. ಅಮೆರಿಕದಲ್ಲಿರುವ ನಮ್ಮ ನೆಂಟರ ಮಗಳು ಕಾಲೇಜು ಸೇರಿದ್ದಾಳೆ ಎಂದು ಗೊತ್ತಾಗಿ ಅವಳಜ್ಜಿ ಯಾವ ಸಬ್ಜೆಕ್ಟು ಎಂದು ಕೇಳಿದರು. "ಇನ್ನೂ ಡಿಕ್ಲೇರ್ ಮಾಡಿಲ್ಲ ಅಜ್ಜಿ, ಎರಡನೇ ವರ್ಷದ ಕೊನೇಲಿ ಮಾಡಿದ್ರಾಯ್ತು" ಎಂದಳಂತೆ. ಅಜ್ಜಿ ಫೋನಿಟ್ಟು, "ಪಾಪ, ಎಲ್ಲೂ ಸೀಟು ಸಿಕ್ಕಿಲ್ಲ ಅನ್ಸುತ್ತೆ, ಮುಚ್ಚಿಡ್ತಿದಾರೆ" ಎಂದರು.

ಇಷ್ಟಾದ ಮೇಲೆ ಸಮಾಧಾನ ಹೇಳುವವರು ಬರುತ್ತಾರೆ. ಅವರ ಜೇಬಿನಲ್ಲಿ ದೊಡ್ಡವರ ಹೆಸರು ತಯಾರಿರುತ್ತವೆ. "ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಮ್ಯಾಥ್ಸು, ಸ್ಟ್ಯಾಟಿಸ್ಟಿಕ್ಸು. ನಿಸಾರ್ ಅಹಮದ್ ಜಿಯಾಲಜಿ ಮೇಷ್ಟ್ರು. ಜಯಂತ ಕಾಯ್ಕಿಣಿ ಬಯೋಕೆಮಿಸ್ಟ್ರಿ. ಏನಾಯ್ತು? ಆಗೋರು ಏನು ಓದಿದ್ರೂ ಆಗ್ತಾರೆ!" ಮೂರೂ ನಿಜ. ಆದರೆ ಗಮನಿಸಿ, ಈ ಉದಾಹರಣೆ ಯಾವಾಗಲೂ ಒಂದೇ ದಿಕ್ಕಿನಲ್ಲಿ ಓಡುತ್ತದೆ. ವಿಜ್ಞಾನ ಓದಿ ಕವಿಯಾದರೆ ಕಥೆ, ಸಾಹಿತ್ಯ ಓದಿ ಭೂವಿಜ್ಞಾನಿಯಾಗಲು ಹೊರಟರೆ ಅರ್ಜಿ ತಿರಸ್ಕೃತ. ಅಲ್ಲದೆ ನಾಟಕ ಬರೆಯುವುದಕ್ಕೆ ಅರ್ಹತೆಯ ಕಾಲಂ ಇಲ್ಲ, ಫಿಸಿಯೋಥೆರಪಿಗೆ ಇದೆ. ಬಿ.ಜಿ.ಎಲ್. ಸ್ವಾಮಿಯವರ ಹಾಗೆ ಸಸ್ಯಶಾಸ್ತ್ರ ಪಾಠ ಮಾಡುತ್ತಲೇ 'ಹಸುರು ಹೊನ್ನು' ಬರೆದವರ ಮಾತು ಯಾರೂ ಎತ್ತುವುದಿಲ್ಲ. ತಾನು ಓದಿದ ವಿಷಯವನ್ನೇ ಪ್ರೀತಿಸಿದ ಮನುಷ್ಯ ಸಮಾಧಾನ ಹೇಳುವವರ ಉಪಯೋಗಕ್ಕೆ ಬರುವುದಿಲ್ಲ.

ತಮಾಷೆ ಏನೆಂದರೆ, ಅಕ್ಕನ ಮಗ ಈಗ ಎಂಜಿನಿಯರಿಂಗೂ ಸೇರಿಲ್ಲ. ಸಿಇಟಿಯಲ್ಲಿ ಅಗ್ರಿ ಬಿಎಸ್ಸಿ ಪಟ್ಟಿಯೂ ಇರುತ್ತದೆ, ಅದಕ್ಕೆ ಬಯಾಲಜಿ ಬೇಕು. ಭಾವನಿಗೆ ಊರಲ್ಲಿ ಸ್ವಲ್ಪ ತೋಟವಿದೆ. ಕೃಷಿಕರ ಮಕ್ಕಳ ಕೋಟಾಕ್ಕೆ ಒಂದು ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ಬ್ಯಾಂಕಿನ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗನಿಗೆ ರಾಗಿ ಯಾವುದು, ನವಣೆ ಯಾವುದು, ಸಾಸಿವೆ ಯಾವುದು ಎಂದು ಕಲಿಸಲು ಅಕ್ಕ ಅಡುಗೆಮನೆಯ ಡಬ್ಬಗಳನ್ನೆಲ್ಲ ಹಾಲಿಗೆ ತಂದು ಸುರಿದಳು. ಅವನು ಕೀಟದ ಚಿತ್ರವನ್ನು ಸ್ಕೇಲು ಹಿಡಿದು, ಬಲಗಡೆಗೆ ಹೆಸರು ಬರೆದು, ಗೆರೆ ಅಡ್ಡ ಹಾಯದ ಹಾಗೆ ಬಿಡಿಸಿ ಅಭ್ಯಾಸ ಮಾಡಿದ. ಈಗ ಮಣ್ಣಿನ ಪರೀಕ್ಷೆಯ ಬಗ್ಗೆ ಊಟಕ್ಕೆ ಕೂತಾಗ ಮಾತಾಡುತ್ತಾನೆ, ಭಾವ ಕಿವಿ ನಿಮಿರಿಸಿ ಕೇಳುತ್ತಾರೆ. "ಬಯಾಲಜಿ ತಗೋ ಅಂತ ನಾನು ಆಗ್ಲೇ ಹೇಳ್ದೆ" ಎಂದು ಈಗ ಹೇಳುವಾಗ ಆ ಮಾತು ನಿಜವೂ ಹೌದು. ತಂಗಿಯ ಮಗಳು ಬೆಂಗಳೂರಿನಲ್ಲಿ ಬಿ.ಎ. ಎಕನಾಮಿಕ್ಸ್ ಸೇರಿದ್ದಾಳೆ, ಪಕ್ಕದಲ್ಲಿ ಮ್ಯಾಥ್ಸನ್ನು ತಾನೇ ಓದಿಕೊಳ್ಳುತ್ತಿದ್ದಾಳೆ. ಎಂ.ಎ.ಗೆ ಬಿಡುವುದಿಲ್ಲ ದೆಹಲಿಯನ್ನು, ಎನ್ನುತ್ತಾಳೆ. ಆಗುತ್ತದೋ ಇಲ್ಲವೋ ನೋಡಬೇಕು. ಬಸ್ಸಿನ ಸಮಯ ಮಾತ್ರ ಹಾಗೇ ಇದೆ.

ಇನ್ನು ಈ ವರ್ಷ ನಿಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿದ್ದರೆ ಒಂದು ಉಪಕಾರ ಮಾಡಿ. ಪಿಯು ಕಾಲೇಜಿನ ಬ್ರೋಷರ್ ಪಕ್ಕಕ್ಕಿಟ್ಟು, ಮಗು ಮುಂದೆ ಏನಾಗಬಹುದು ಎನ್ನುತ್ತದೋ ಆ ಎರಡು ಮೂರು ಕೋರ್ಸಿನ ಡಿಗ್ರಿ ಅರ್ಜಿ ತೆಗೆದು ಅರ್ಹತೆಯ ಸಾಲು ಓದಿ. ಹತ್ತು ನಿಮಿಷದ ಕೆಲಸ. ಮಗುವೂ ಪಕ್ಕದಲ್ಲಿರಲಿ. ಇನ್ನೊಂದು ವಿಷಯ. ಫಸ್ಟ್ ಪಿಯು ಶುರುವಾದ ಮೊದಮೊದಲ ವಾರಗಳಲ್ಲಿ, ಸೀಟು ಖಾಲಿಯಿದ್ದರೆ, ಕಾಂಬಿನೇಷನ್ ಬದಲಿಸಿಕೊಳ್ಳಲು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅವಕಾಶ ಇರುತ್ತದೆ. ಕೊನೆಯ ದಿನಾಂಕ ಯಾವುದು ಎಂದು ಆಫೀಸಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಆ ಅರ್ಜಿಗೆ ಪೋಷಕರ ಸಹಿ ಬೇಕು. ಮಗು ಆ ಕಾಗದ ಹಿಡಿದು ಎದುರು ಬಂದು ನಿಂತರೆ, ಅಂದು ಮಾತ್ರ ದಯವಿಟ್ಟು ಪೆನ್ನು ಸಿಗುತ್ತಿಲ್ಲ ಎನ್ನಬೇಡಿ.